ಚೌಕ ಬರುತ್ತೆ, ಡೈಮಂಡ್ ಯಾಕೆ ಬರಲ್ಲ?

ಒಂದು ಹಾಳೆ ತಗೊಳ್ಳಿ. ಒಂದು ಚೌಕ ಬರೆಯಿರಿ. ಪಕ್ಕದಲ್ಲಿ ಅದೇ ಚೌಕವನ್ನು 45 ಡಿಗ್ರಿ ತಿರುಗಿಸಿ, ಗಾಳಿಪಟದ ಥರ ಮೂಲೆಯ ಮೇಲೆ ನಿಲ್ಲಿಸಿ ಬರೆಯಿರಿ. ನಮಗೆ ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ ಸಾಕು. ಕಂಪ್ಯೂಟರ್ ಸೈನ್ಸ್ ಗೆಳೆಯರನ್ನ ಕೇಳಿದ್ರೆ "ಒಂದು ರೊಟೇಶನ್ ಮ್ಯಾಟ್ರಿಕ್ಸ್, ಮುಗೀತು" ಅಂತಾರೆ.

ಈಗ ಈ ಎರಡು ಚಿತ್ರಗಳನ್ನ ಐದು ವರ್ಷದ ಒಂದು ಮಗುವಿನ ಮುಂದಿಟ್ಟು "ಇದೇ ಥರ ಬರಿ ಪುಟ್ಟಾ" ಅಂತ ಹೇಳಿ ನೋಡಿ. ಚೌಕ ಸುಮಾರಾಗಿ ಬರುತ್ತೆ. ಡೈಮಂಡ್ ಬರೆಯೋಕೆ ಹೋದ್ರೆ ಒಂದು ಕಡೆ ಕಿವಿ ಬಂದ ಆಲೂಗಡ್ಡೆ ಥರ ಏನೋ ಆಗುತ್ತೆ, ಅಥವಾ ಮತ್ತೆ ಚೌಕವೇ ಆಗುತ್ತೆ. ಮಗು ಸೋಮಾರಿ ಅಲ್ಲ, ದಡ್ಡನೂ ಅಲ್ಲ. ಬಹುತೇಕ ಮಕ್ಕಳಿಗೆ ಚೌಕ ಬರೆಯೋಕೆ ಬರೋದು ನಾಲ್ಕೂವರೆ ವರ್ಷದ ಆಸುಪಾಸಿನಲ್ಲಿ, ಡೈಮಂಡ್ ಬರೋದು ಆರು-ಏಳು ವರ್ಷಕ್ಕೆ. ಒಂದು ರೊಟೇಶನ್ ಮ್ಯಾಟ್ರಿಕ್ಸಿಗೆ ಎರಡು ವರ್ಷ!

ಈ ಎರಡು ವರ್ಷದಲ್ಲಿ ಮಗುವಿನ ತಲೆಯಲ್ಲಿ ಏನು ನಡೆಯುತ್ತೆ ಅನ್ನೋದು ಈ ಲೇಖನದ ವಿಷಯ. ಎಂಜಿನಿಯರಿಂಗ್ ಹುಡುಗರಿಗೆ ಇದ್ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಎಷ್ಟೋ ಜನ ಎನ್‌ಎಸ್‌ಎಸ್ ಕ್ಯಾಂಪಿಗೆ ಹೋಗಿ ಶಾಲೆ ಮಕ್ಕಳಿಗೆ ಪಾಠ ಹೇಳ್ತೇವೆ, ರಜೆಗೆ ಊರಿಗೆ ಹೋದಾಗ ಅಕ್ಕನ ಮಗನಿಗೆ ಹೋಮ್‌ವರ್ಕ್ ಮಾಡಿಸ್ತೇವೆ. ಅಲ್ಲಿ ನಾವು "ಎಷ್ಟು ಸಲ ಹೇಳಿಕೊಟ್ರೂ ಬರಲ್ಲ ಇವನಿಗೆ" ಅಂತ ಹೇಳಿಬಿಡೋ ಒಂದು ಮಾತು ಆ ಮಗುವಿನ ಹಣೆಗೆ ಅಂಟಿಕೊಂಡುಬಿಡುತ್ತೆ. ಅದಲ್ಲದೆ, ನಾವು ಆರನೇ ಸೆಮಿಸ್ಟರಿನಲ್ಲಿ ಓದೋ ಇಮೇಜ್ ಪ್ರೊಸೆಸಿಂಗ್, ಕಂಟ್ರೋಲ್ ಸಿಸ್ಟಮ್ಸ್ ಎರಡೂ ಒಂದು ಮಗುವಿನೊಳಗೆ ಯಾವ ಸಿಲಬಸ್ಸೂ ಇಲ್ಲದೆ ತಾವಾಗಿಯೇ ಕಟ್ಟಿಕೊಳ್ತಾ ಇರ್ತವೆ. ನೋಡೋಕೆ ಚಂದ ಅದು.

ನೋಡುವುದು ಒಂದು, ಕಾಣುವುದು ಇನ್ನೊಂದು

ಹುಟ್ಟಿದ ಮಗುವಿನ ಕಣ್ಣು ಸಿದ್ಧವಾಗಿ ಬಂದ ಕ್ಯಾಮೆರಾ ಅಲ್ಲ. ನಮ್ಮ ಸಾಮಾನ್ಯ ದೃಷ್ಟಿಯನ್ನ 6/6 ಅಂತಾರಲ್ಲ, ನವಜಾತ ಶಿಶುವಿನದು ಸುಮಾರು 6/120, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ರೆಟಿನಾದ ನಡುವೆ ಫೋವಿಯಾ ಅನ್ನೋ ಜಾಗ ಇದೆ, ಸೂಕ್ಷ್ಮ ವಿವರಗಳನ್ನ ಹಿಡಿಯೋದು ಅದೇ. ಹುಟ್ಟಿದಾಗ ಅಲ್ಲಿನ ಕೋನ್ ಕೋಶಗಳು ಇನ್ನೂ ದೂರ ದೂರ ಇರ್ತವೆ, ಒತ್ತಾಗಿ ಕೂತುಕೊಳ್ಳೋಕೆ ವರ್ಷಗಳೇ ಬೇಕು. ಅಂದ್ರೆ ಸೆನ್ಸರಿನ ಪಿಕ್ಸೆಲ್ ಸಾಂದ್ರತೆಯೇ ಬೆಳೀತಾ ಹೋಗುತ್ತೆ. ಎರಡೂ ಕಣ್ಣಿನ ಚಿತ್ರ ಸೇರಿಸಿ ಆಳ ಅಳೆಯೋ ಸಾಮರ್ಥ್ಯ ಬರೋದು ಮೂರರಿಂದ ಐದು ತಿಂಗಳ ನಡುವೆ.

ಇದೆಲ್ಲ ಹಾರ್ಡ್‌ವೇರ್ ವಿಷಯ ಆಯ್ತು. ಮೇಲಿನ ಪದರದಲ್ಲಿ ಇರೋದನ್ನ ದೃಶ್ಯಗ್ರಹಿಕೆ ಅಂತ ಕರೀತಾರೆ: ಕಂಡಿದ್ದರಿಂದ ಅರ್ಥ ತೆಗೆಯೋದು. ಗಿಜಿಗುಡೋ ಹಿನ್ನೆಲೆಯಿಂದ ಒಂದು ಆಕೃತಿಯನ್ನ ಬೇರ್ಪಡಿಸೋದು, ಲೋಟ ಮಗುಚಿ ಬಿದ್ದಿದ್ರೂ ಅದು ಲೋಟವೇ ಅಂತ ಗುರುತಿಸೋದು, ಒಂದು ಗೆರೆ ಇನ್ನೊಂದರ ಮೇಲಿದೆಯಾ ಪಕ್ಕದಲ್ಲಿದೆಯಾ ಅಂತ ಹೇಳೋದು, ಅರ್ಧ ಮುಚ್ಚಿದ ಚಿತ್ರವನ್ನ ಮನಸ್ಸಿನಲ್ಲೇ ಪೂರ್ತಿ ಮಾಡೋದು. ಕಣ್ಣಿನ ಡಾಕ್ಟರು "6/6 ಇದೆ, ಏನೂ ತೊಂದರೆ ಇಲ್ಲ" ಅಂದ ಮಗುವಿಗೂ ಈ ಪದರದಲ್ಲಿ ಕಷ್ಟ ಇರಬಹುದು.

ಡೈಮಂಡಿಗೆ ವಾಪಸ್ ಬರೋಣ. 1963ರಲ್ಲಿ ರುಡೆಲ್ ಮತ್ತು ಟಾಯ್ಬರ್ ಅನ್ನೋ ಇಬ್ಬರು ಮಕ್ಕಳಿಗೆ ಗೆರೆಗಳ ದಿಕ್ಕು ಗುರುತಿಸೋ ಆಟ ಆಡಿಸಿದರು. ನಿಂತ ಗೆರೆ ಯಾವುದು, ಮಲಗಿದ ಗೆರೆ ಯಾವುದು ಅನ್ನೋದನ್ನ ಮೂರೂವರೆ-ನಾಲ್ಕು ವರ್ಷದ ಮಕ್ಕಳೂ ಬೇಗ ಕಲಿತವು. ಆದರೆ ಬಲಕ್ಕೆ ವಾಲಿದ ಓರೆ ಗೆರೆ ಮತ್ತು ಎಡಕ್ಕೆ ವಾಲಿದ ಓರೆ ಗೆರೆ? ಚಿಕ್ಕ ಮಕ್ಕಳಲ್ಲಿ ಬಹುತೇಕರಿಗೆ ಆಗಲೇ ಇಲ್ಲ. ನಿಂತ ಗೆರೆಗೆ ನಮ್ಮ ದೇಹವೇ ಆಧಾರ, ಮಲಗಿದ್ದಕ್ಕೆ ನೆಲ ಆಧಾರ. ಓರೆ ಗೆರೆಗೆ ಅಂಥ ರೆಫರೆನ್ಸ್ ಆಕ್ಸಿಸ್ ಇಲ್ಲ. ಮೇಲೆ-ಕೆಳಗೆ, ಎಡ-ಬಲ ಎರಡನ್ನೂ ಒಟ್ಟಿಗೆ ಲೆಕ್ಕ ಇಟ್ಟುಕೊಳ್ಳಬೇಕು.

ಡೇವಿಡ್ ಓಲ್ಸನ್ ಅನ್ನೋ ಮನಶ್ಶಾಸ್ತ್ರಜ್ಞ ಇದೊಂದೇ ವಿಷಯದ ಮೇಲೆ 1970ರಲ್ಲಿ ಇಡೀ ಪುಸ್ತಕ ಬರೆದರು. ಮಗು ಓರೆಗೆರೆಯನ್ನ ಹೇಗೆ ಕಲಿಯುತ್ತೆ ಅಂತ! ಅವರ ಪ್ರಯೋಗ ಬಹಳ ಸರಳ. ಚೌಕಳಿ ಹಲಗೆ, ಕೆಲವು ಬಿಲ್ಲೆ. ಬಿಲ್ಲೆಗಳನ್ನ ಒಂದು ಸಾಲಾಗಿ ಜೋಡಿಸು ಅಂದ್ರೆ ಚಿಕ್ಕ ಮಕ್ಕಳೂ ಜೋಡಿಸ್ತಿದ್ದರು. ಮೂಲೆಯಿಂದ ಮೂಲೆಗೆ ಜೋಡಿಸು ಅಂದ್ರೆ ಆಗ್ತಿರಲಿಲ್ಲ. ಸ್ವಾರಸ್ಯ ಇರೋದು ಮುಂದೆ. ಜೋಡಿಸಿಟ್ಟ ಎರಡು ಹಲಗೆ ತೋರಿಸಿ "ಮೂಲೆಯಿಂದ ಮೂಲೆಗೆ ಇರೋದು ಯಾವುದು?" ಅಂತ ಕೇಳಿದ್ರೆ ಅವೇ ಮಕ್ಕಳು ಸರಿಯಾಗಿ ತೋರಿಸ್ತಿದ್ದರು. ಗುರುತಿಸೋಕೆ ಬರುತ್ತೆ, ಕಟ್ಟೋಕೆ ಬರಲ್ಲ. ಇದು ನಮಗೂ ಹೊಸದೇನಲ್ಲ. ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್ ನೆನಪಿಸಿಕೊಳ್ಳಿ. ಸರಿಯಾದ ಐಸೊಮೆಟ್ರಿಕ್ ವ್ಯೂ ತೋರಿಸಿದ್ರೆ "ಹೌದು, ಇದೇ" ಅಂತ ತಲೆ ಆಡಿಸ್ತೇವೆ. ಖಾಲಿ ಶೀಟ್ ಕೊಟ್ಟು ಫ್ರಂಟ್ ವ್ಯೂ, ಟಾಪ್ ವ್ಯೂನಿಂದ ನೀನೇ ಬರಿ ಅಂದಾಗ ಡ್ರಾಫ್ಟರ್ ಹಿಡಿದುಕೊಂಡು ಪಕ್ಕದವನ ಶೀಟು ನೋಡ್ತೇವೆ.

ಕೈಯ ಕಂಟ್ರೋಲ್ ಲೂಪ್

ಕಣ್ಣು ಕಂಡಿದ್ದನ್ನ ಕೈ ಮಾಡಬೇಕು. ಇದಕ್ಕೆ ದೃಶ್ಯ-ಚಲನ ಸಮನ್ವಯ ಅಂತ ಭಾರವಾದ ಹೆಸರಿದೆ, ನಾವು ಕಣ್ಣು-ಕೈ ಹೊಂದಾಣಿಕೆ ಅನ್ನೋಣ. ಸಮಸ್ಯೆ ಏನಂದ್ರೆ ಈ ಲೂಪಿನಲ್ಲಿ ಡಿಲೇ ಇದೆ. ಕೈ ತಪ್ಪು ದಾರಿ ಹಿಡಿದಿದೆ ಅಂತ ಕಣ್ಣು ನೋಡಿ, ಮಿದುಳು ತಿದ್ದಿ, ಸ್ನಾಯುವಿಗೆ ಆದೇಶ ತಲುಪೋ ಹೊತ್ತಿಗೆ ಸುಮಾರು 100ರಿಂದ 200 ಮಿಲಿಸೆಕೆಂಡ್ ಕಳೆದಿರುತ್ತೆ. ಡಿಲೇ ಇರೋ ಲೂಪಿನಲ್ಲಿ ಗೇನ್ ಜಾಸ್ತಿ ಮಾಡಿದ್ರೆ ಏನಾಗುತ್ತೆ ಅಂತ ಕಂಟ್ರೋಲ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಗೊತ್ತು: ಆಸಿಲೇಶನ್. ಹಾಗಾಗಿ ಬರೀ ಫೀಡ್‌ಬ್ಯಾಕ್ ನಂಬಿಕೊಂಡು ವೇಗವಾಗಿ ಬರೆಯೋಕೆ ಆಗಲ್ಲ. ಕೈ ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಊಹಿಸೋ ಒಂದು ಮಾದರಿ ತಲೆಯೊಳಗೆ ಬೇಕು.

ಈ ಮಾದರಿ ಬೆಳೆಯೋ ರೀತಿ ನೆಟ್ಟಗಿಲ್ಲ. ಫ್ರಾನ್ಸಿನ ಲೊರೆಟ್ ಹೇ 1979ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷದ ಮಕ್ಕಳು ಕೈಯನ್ನ ಹೆಚ್ಚಾಗಿ ಓಪನ್ ಲೂಪಿನಲ್ಲೇ ಚಲಾಯಿಸ್ತಾರೆ. ಗುರಿ ನೋಡಿ ಒಂದೇ ಏಟಿಗೆ ಕೈ ಬೀಸ್ತಾರೆ, ನಡುವೆ ತಿದ್ದೋದು ಕಡಿಮೆ. ಏಳರ ಹೊತ್ತಿಗೆ ಕಣ್ಣಿನ ಫೀಡ್‌ಬ್ಯಾಕ್ ಮೇಲೆ ವಿಪರೀತ ಅವಲಂಬನೆ ಶುರುವಾಗುತ್ತೆ, ಚಲನೆ ನಿಧಾನ ಆಗುತ್ತೆ, ತಡವರಿಸುತ್ತೆ. ಒಂಬತ್ತು ದಾಟಿದ ಮೇಲೆ ಎರಡೂ ಹದವಾಗಿ ಬೆರೆಯುತ್ತವೆ. "ಯುಕೆಜಿಯಲ್ಲಿ ಎಷ್ಟು ಸಲೀಸಾಗಿ ಬರೀತಿದ್ದ, ಈಗ ಎರಡನೇ ಕ್ಲಾಸಿಗೆ ಬಂದು ಕೈ ಹಿಡೀತಾ ಇದಾನೆ" ಅಂತ ದೂರು ಹೇಳೋ ಪೋಷಕರಿಗೆ ಇದನ್ನ ಯಾರಾದ್ರೂ ಹೇಳಬೇಕು. ಅಲ್ಗಾರಿದಮ್ ಬದಲಾಗೋ ಹೊತ್ತಿನಲ್ಲಿ ಪರ್ಫಾರ್ಮೆನ್ಸ್ ಸ್ವಲ್ಪ ಕೆಳಗಿಳಿಯೋದು ಸಹಜ.

ಇನ್ನು ಬೆರಳಿನ ವಿಷಯ. ಒಂದೂವರೆ ವರ್ಷಕ್ಕೆ ಗೀಚಾಟ, ಎರಡಕ್ಕೆ ನಿಂತ ಗೆರೆ, ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡಿಸು ಚಿಹ್ನೆ, ಆಮೇಲೆ ಚೌಕ, ಐದರ ಸುತ್ತ ತ್ರಿಕೋನ, ಕೊನೆಗೆ ಡೈಮಂಡ್. ವಯಸ್ಸು ಅಂದಾಜು ಮಾತ್ರ, ಆರು ತಿಂಗಳು ಹಿಂದೆ ಮುಂದೆ ಆಗೋದು ಮಾಮೂಲು. ಮೂರು ಬೆರಳಲ್ಲಿ ಪೆನ್ಸಿಲ್ ಹಿಡಿಯೋ ಹಿಡಿತ ಗಟ್ಟಿಯಾಗೋದು ನಾಲ್ಕರಿಂದ ಆರರ ನಡುವೆ. ಈ ಪಟ್ಟಿಯನ್ನ ಪಕ್ಕದಲ್ಲಿಟ್ಟುಕೊಂಡು ನಮ್ಮ ಊರುಗಳ ಎಲ್‌ಕೆಜಿ ನೋಡಿ. ತ್ರಿಕೋನ ಬರೆಯೋಕೆ ಬಾರದ ಕೈಗೆ ನಾಲ್ಕು ಗೆರೆ ಕಾಪಿ ಪುಸ್ತಕ, ದಿನಕ್ಕೆ ಎರಡು ಪುಟ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಬುನಾದಿ ಹಂತ ಅಂತ ಇಟ್ಟು, ಆಟದ ಮೂಲಕ ಕಲಿಸಿ ಅಂದಿದೆ. ಕಾಗದದ ಮೇಲೆ ಸರಿಯಾಗೇ ಇದೆ. ಕಾಪಿ ಪುಸ್ತಕದ ಅಂಗಡಿಗೆ ಮಾತ್ರ ಆ ಸುದ್ದಿ ತಲುಪಿದ ಹಾಗೆ ಕಾಣಲ್ಲ.

ತಪ್ಪು ಯಾವ ಮಾಡ್ಯೂಲಿನಲ್ಲಿದೆ?

ಒಂದು ಮಗು ಬೋರ್ಡಿನಿಂದ ನೋಡಿ ಬರೆದಿದ್ದು ಅಧ್ವಾನವಾಗಿದೆ ಅಂತಿಟ್ಟುಕೊಳ್ಳಿ. ಕಾರಣ ಕಣ್ಣಿನಲ್ಲಿರಬಹುದು, ಗ್ರಹಿಕೆಯಲ್ಲಿರಬಹುದು, ಬೆರಳಿನಲ್ಲಿರಬಹುದು, ಇವುಗಳ ನಡುವಿನ ಜೋಡಣೆಯಲ್ಲಿರಬಹುದು. ಹೊರಗೆ ಕಾಣೋ ಔಟ್‌ಪುಟ್ ಮಾತ್ರ ಒಂದೇ: ಕೆಟ್ಟ ಅಕ್ಷರ. ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ನಾವು ಇಡೀ ಬೋರ್ಡಿಗೆ ಬೈಯಲ್ಲ, ಒಂದೊಂದೇ ಹಂತದಲ್ಲಿ ಪ್ರೋಬ್ ಇಟ್ಟು ನೋಡ್ತೇವೆ. ಇಲ್ಲೂ ಅದೇ ಮಾಡ್ತಾರೆ.

ಕೀತ್ ಬೀರಿ ಮತ್ತು ನಾರ್ಮನ್ ಬುಕ್ಟೆನಿಕಾ 1967ರಲ್ಲಿ ಹೊರತಂದ ಪರೀಕ್ಷೆ ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ ಸುಲಭದಿಂದ ಕಷ್ಟಕ್ಕೆ ಹೋಗೋ ಆಕೃತಿಗಳನ್ನ ಮಗು ನೋಡಿ ಬರೆಯಬೇಕು. ಅಂಕ ಕಡಿಮೆ ಬಂದ್ರೆ ಎರಡು ಪೂರಕ ಪರೀಕ್ಷೆ ಇವೆ. ಒಂದರಲ್ಲಿ ಬರೆಯೋದೇ ಇಲ್ಲ, ಹಲವು ಆಕೃತಿಗಳಲ್ಲಿ ಮೇಲಿನದರಂತೆ ಇರೋದನ್ನ ತೋರಿಸಿದ್ರೆ ಸಾಕು. ಇನ್ನೊಂದರಲ್ಲಿ ಗುರುತಿಸೋ ಕೆಲಸ ಇಲ್ಲ, ಎರಡು ಗಡಿಗೆರೆಗಳ ನಡುವೆ ಹೊರಗೆ ಹೋಗದ ಹಾಗೆ ಗೆರೆ ಎಳೆಯಬೇಕು. ಮೊದಲನೆಯದರಲ್ಲಿ ಸೋತು ಈ ಎರಡರಲ್ಲೂ ಗೆದ್ದ ಮಗು ಸಿಕ್ಕರೆ? ಸೆನ್ಸರ್ ಸರಿ, ಮೋಟರ್ ಸರಿ, ಇಂಟರ್‌ಫೇಸಿನಲ್ಲಿ ತೊಂದರೆ. ಇಂಥ ಯೋಚನೆ ಎಂಜಿನಿಯರಿಗೆ ಖುಷಿ ಕೊಡಬೇಕು.

ಬೇರೆ ಯಾವ ಕಾಯಿಲೆಯೂ ಇಲ್ಲದೆ ಕೈಕಾಲಿನ ಸಮನ್ವಯದಲ್ಲೇ ಗಣನೀಯ ಕಷ್ಟ ಇರೋ ಮಕ್ಕಳ ಪ್ರಮಾಣ ಐದರಿಂದ ಹನ್ನೊಂದು ವರ್ಷದವರಲ್ಲಿ 100ಕ್ಕೆ 5-6 ಅಂತ ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿ ಹೇಳಿತ್ತು. ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಇಬ್ಬರು. ಶೂ ಲೇಸ್ ಕಟ್ಟೋಕೆ ಆಗದ, ಚೆಂಡು ಹಿಡಿಯೋಕೆ ಆಗದ, ಯಾವಾಗಲೂ ಟೀಮಿಗೆ ಕೊನೆಯಲ್ಲಿ ಆಯ್ಕೆಯಾಗ್ತಿದ್ದ ಒಬ್ಬ ಸಹಪಾಠಿ ನಿಮಗೂ ನೆನಪಿರಬಹುದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. "ಕಣ್ಣಿನ ವ್ಯಾಯಾಮದಿಂದ ಡಿಸ್‌ಲೆಕ್ಸಿಯಾ ವಾಸಿ ಮಾಡ್ತೇವೆ" ಅನ್ನೋ ಜಾಹೀರಾತುಗಳು ಈಗ ಎಲ್ಲ ಕಡೆ ಇವೆ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿಕೆ ಕೊಟ್ಟು, ಡಿಸ್‌ಲೆಕ್ಸಿಯಾ ಮೂಲತಃ ಭಾಷೆಯ ಧ್ವನಿಗಳಿಗೆ ಸಂಬಂಧಿಸಿದ ತೊಂದರೆ, ಕಣ್ಣಿನ ವ್ಯಾಯಾಮದಿಂದಲೋ ಬಣ್ಣದ ಕನ್ನಡಕದಿಂದಲೋ ಅದು ವಾಸಿಯಾಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಸ್ಪಷ್ಟವಾಗಿ ಹೇಳಿವೆ. ನೋಡಿ ಬರೆಯೋ ಕಷ್ಟ ಬೇರೆ, ಓದೋ ಕಷ್ಟ ಬೇರೆ. ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಮಾರೋರಿಂದ ದೂರ ಇರೋದು ಒಳ್ಳೇದು.

ನಮ್ಮ ಅಕ್ಷರಗಳ ಕಥೆ

ಇಂಗ್ಲಿಷಿನ ಸಣ್ಣ ಬಿ ಮತ್ತು ಡಿ ಮಕ್ಕಳಿಗೆ ಅದಲುಬದಲಾಗೋದು ಯಾಕೆ? ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್ ಕೊಡೋ ವಿವರಣೆ ಸೊಗಸಾಗಿದೆ. ಹುಲಿಯ ಎಡ ಮಗ್ಗುಲು ಕಂಡ್ರೂ ಬಲ ಮಗ್ಗುಲು ಕಂಡ್ರೂ ಅದು ಹುಲಿಯೇ, ಓಡಲೇಬೇಕು. ಹಾಗಾಗಿ ವಸ್ತುಗಳನ್ನ ಗುರುತಿಸೋ ಮಿದುಳಿನ ಭಾಗ ಒಂದು ಆಕೃತಿ ಮತ್ತು ಅದರ ಕನ್ನಡಿ ಬಿಂಬವನ್ನ ಒಂದೇ ಅಂತ ಪರಿಗಣಿಸೋ ಹಾಗೆ ರೂಪುಗೊಂಡಿದೆ. ಓದು ಕಲಿಯುವಾಗ ಅದೇ ಭಾಗವನ್ನ ಅಕ್ಷರಕ್ಕೆ ಬಳಸಿಕೊಳ್ತೇವೆ, ಆಗ ಈ ಹಳೇ ಫೀಚರ್ ಬಗ್ ಆಗಿಬಿಡುತ್ತೆ. ಐದಾರು ವರ್ಷದ ಮಕ್ಕಳು ಅಕ್ಷರ ಉಲ್ಟಾ ಬರೆದ್ರೆ ಗಾಬರಿ ಬೀಳಬೇಕಿಲ್ಲ ಅನ್ನೋದು ಇದಕ್ಕೇ.

ಕನ್ನಡದಲ್ಲಿ ಅಂಥ ನೇರ ಕನ್ನಡಿ ಜೋಡಿ ಹುಡುಕಿದ್ರೂ ಸಿಗೋದು ಕಷ್ಟ. ತಮಿಳಿನಲ್ಲೂ ಹೀಗೇ. ಡಾಂಜಿಗರ್ ಮತ್ತು ಪೆಡರ್ಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಿಳು ಲಿಪಿ ಮಾತ್ರ ಬಲ್ಲವರು ಕನ್ನಡಿ ಬಿಂಬಗಳನ್ನ ಬೇರೆ ಅಂತ ಹೇಳೋದರಲ್ಲಿ ಓದು ಬಾರದವರಿಗಿಂತ ಮುಂದಿರಲಿಲ್ಲ, ರೋಮನ್ ಲಿಪಿ ಓದುವವರು ಮುಂದಿದ್ದರು. ಅಂದ್ರೆ ನಾವು ಯಾವ ಲಿಪಿ ಓದ್ತೇವೆ ಅನ್ನೋದು ನಮ್ಮ ಕಣ್ಣು ಏನನ್ನ ಗಮನಿಸುತ್ತೆ ಅನ್ನೋದನ್ನ ತಿದ್ದುತ್ತೆ!

ನಮ್ಮ ಮಕ್ಕಳ ತೊಡಕು ಬೇರೆ ಕಡೆ ಇದೆ. ರ ಮತ್ತು ಠ ನಡುವೆ ಇರೋದು ಒಂದು ಚುಕ್ಕಿ. ದ, ಧ, ಥ ಸಾಲಾಗಿ ಬರೆದು ಕಣ್ಣು ಕಿರಿದು ಮಾಡಿ ನೋಡಿ, ಒಂದೇ ಥರ ಕಾಣ್ತವೆ. ಪ ಹೊಟ್ಟೆಯಲ್ಲಿ ಒಂದು ಗೆರೆ ಎಳೆದ್ರೆ ಷ. ಇದಕ್ಕೆ ಗುಣಿತಾಕ್ಷರ ಸೇರಿಸಿ: ಗುಡಿಸು ತಲೆ ಮೇಲೆ, ಕೊಂಬು ಬಲಕ್ಕೆ, ಒತ್ತು ಕೆಳಗೆ. ಅರ್ಕಾವೊತ್ತು ಅಂತೂ ಇನ್ನೂ ತಮಾಷೆ, ಬಾಯಲ್ಲಿ ಮೊದಲು ಬರೋದು ಬರವಣಿಗೆಯಲ್ಲಿ ಆಮೇಲೆ ಬರುತ್ತೆ. ಹೀಗಾಗಿ ಕನ್ನಡ ಓದೋ ಮಗುವಿನ ಕಣ್ಣು ಎಡದಿಂದ ಬಲಕ್ಕೆ ಮಾತ್ರ ಹೋದ್ರೆ ಸಾಲದು. ಬೆಂಗಳೂರಿನಲ್ಲಿ ಕನ್ನಡ ಕಲಿಯೋ ಮಕ್ಕಳ ಮೇಲೆ ಸೋನಾಲಿ ನಾಗ್ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯ್ತು. ಅಕ್ಷರಗಳ ಪೂರ್ತಿ ಪರಿಚಯ ಆಗೋಕೆ ಮೂರು-ನಾಲ್ಕನೇ ತರಗತಿವರೆಗೂ ಸಮಯ ಬೇಕು ಅನ್ನೋದು ಅದರ ಮುಖ್ಯ ಮಾತು. ಇಂಗ್ಲಿಷಿನ 26 ಅಕ್ಷರದ ಲೆಕ್ಕದಲ್ಲಿ ಕನ್ನಡದ ಮಗುವನ್ನ ಅಳೆದ್ರೆ ಅನ್ಯಾಯ ಆಗುತ್ತೆ.

ಅಕ್ಷರಾಭ್ಯಾಸದಲ್ಲಿ ತಟ್ಟೆ ತುಂಬ ಅಕ್ಕಿ ಹರಡಿ ಬೆರಳಿನಿಂದ ಬರೆಸ್ತಾರಲ್ಲ, ಹಿಂದೆ ಮರಳಿನ ಮೇಲೆ ಬರೆಸ್ತಿದ್ರಲ್ಲ, ಅದರಲ್ಲಿ ಒಂದು ಜಾಣತನ ಇದೆ. ಪೆನ್ಸಿಲ್ ಹಿಡಿಯೋ ಕಷ್ಟ ತೆಗೆದುಹಾಕಿ ಆಕೃತಿಯನ್ನ ಕೈಯಿಂದ ಕಟ್ಟೋ ಕೆಲಸ ಮಾತ್ರ ಮಗುವಿಗೆ ಉಳಿಸ್ತಾರೆ. ಕ್ಯಾರಿನ್ ಜೇಮ್ಸ್ ಮತ್ತು ಎಂಗಲ್‌ಹಾರ್ಟ್ 2012ರಲ್ಲಿ ಇನ್ನೂ ಓದು ಬಾರದ ಐದು ವರ್ಷದ ಆಸುಪಾಸಿನ ಮಕ್ಕಳಿಗೆ ಅಕ್ಷರಗಳನ್ನ ಮೂರು ರೀತಿ ಕಲಿಸಿದರು: ಖಾಲಿ ಜಾಗದಲ್ಲಿ ಸ್ವತಃ ಬರೆದು, ಗೆರೆ ಮೇಲೆ ತಿದ್ದಿ, ಕೀಬೋರ್ಡ್ ಒತ್ತಿ. ಆಮೇಲೆ ಅದೇ ಅಕ್ಷರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದಾಗ, ಸ್ವತಃ ಬರೆದು ಕಲಿತ ಅಕ್ಷರಗಳಿಗೆ ಮಾತ್ರ ಓದಿಗೆ ಸಂಬಂಧಿಸಿದ ಭಾಗಗಳು ಎದ್ದು ಕಂಡವು. ಮಕ್ಕಳ ಸಂಖ್ಯೆ 15 ಮಾತ್ರ, ಹಾಗಾಗಿ ಇದನ್ನೇ ಹಿಡಿದು ದೊಡ್ಡ ಭಾಷಣ ಬಿಗಿಯೋದು ಬೇಡ. ಆದ್ರೂ ಚುಕ್ಕಿ ಮೇಲೆ ತಿದ್ದಿಸೋದಕ್ಕಿಂತ, ಸೊಟ್ಟಗಾದ್ರೂ ಸರಿ, ತಾನಾಗೇ ಬರೆಯೋಕೆ ಬಿಡೋದು ಮೇಲು ಅಂತ ನನಗನ್ನಿಸುತ್ತೆ. ಚುಕ್ಕಿ ರಂಗೋಲಿಯಲ್ಲಿ ಎಡದ ಎಳೆ ನೋಡಿ ಬಲಕ್ಕೆ ಅದರ ಬಿಂಬ ಬಿಡಿಸೋ ಹುಡುಗಿ ಬೇರೆ ಯಾವ ವರ್ಕ್‌ಶೀಟೂ ಕೊಡದ ಅಭ್ಯಾಸ ಮಾಡ್ತಿರ್ತಾಳೆ. ಗೋಲಿ, ಬುಗುರಿ, ಲಗೋರಿ ಕೂಡ ಅಷ್ಟೇ.

ಎರಡು ಬೆಕ್ಕಿನ ಮರಿ, ಐವರು ಮಕ್ಕಳು

1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಒಂದು ಪ್ರಯೋಗ ಮಾಡಿದರು. ಕತ್ತಲಲ್ಲಿ ಬೆಳೆದ ಬೆಕ್ಕಿನ ಮರಿಗಳನ್ನ ಜೋಡಿ ಜೋಡಿಯಾಗಿ ಒಂದು ತಿರುಗಣೆಗೆ ಕಟ್ಟಿದರು, ಜಾತ್ರೆಯ ತೊಟ್ಟಿಲು ಅಡ್ಡ ತಿರುಗಿದ ಹಾಗೆ. ಒಂದು ಮರಿ ತನ್ನ ಕಾಲಿನಿಂದ ನಡೀತಿತ್ತು, ಅದು ನಡೆದಂತೆ ಇನ್ನೊಂದು ಬುಟ್ಟಿಯಲ್ಲಿ ಕೂತು ಸುತ್ತುತ್ತಿತ್ತು. ದಿನಕ್ಕೆ 3 ಗಂಟೆ ಮಾತ್ರ ಬೆಳಕು. ಇಬ್ಬರ ಕಣ್ಣಿಗೂ ಬಿದ್ದ ದೃಶ್ಯ ಹೆಚ್ಚುಕಡಿಮೆ ಒಂದೇ. ಕೊನೆಗೆ ನೋಡಿದ್ರೆ ನಡೆದ ಮರಿ ಅಂಚು ಕಂಡಾಗ ಹಿಂದೆ ಸರೀತಿತ್ತು, ಮೇಜಿನ ಹತ್ತಿರ ತಂದಾಗ ಕಾಲು ಚಾಚುತ್ತಿತ್ತು. ಬುಟ್ಟಿಯ ಮರಿಗೆ ಅದ್ಯಾವುದೂ ಬರಲಿಲ್ಲ. ಒಂದೇ ಸೆನ್ಸರ್ ಡೇಟಾ, ಆದರೆ ತನ್ನ ಚಲನೆಗೂ ಆ ಡೇಟಾಕ್ಕೂ ಇರೋ ಸಂಬಂಧ ಅದಕ್ಕೆ ಸಿಗಲೇ ಇಲ್ಲ. ಸಮಾಧಾನದ ವಿಷಯ, ಆಮೇಲೆ ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡೋಕೆ ಬಿಟ್ಟಾಗ ಅವೂ ಒಂದೆರಡು ದಿನದಲ್ಲಿ ಕಲಿತುಕೊಂಡವು.

ಇದೇ ಹೆಲ್ಡ್ ಸುಮಾರು ಅರ್ಧ ಶತಮಾನದ ನಂತರ ಭಾರತದ ಮಕ್ಕಳ ಕಥೆಯಲ್ಲಿ ಮತ್ತೆ ಬರ್ತಾರೆ. ಐಐಟಿ ದೆಹಲಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ ಎಂಐಟಿ ಸೇರಿದ ಪವನ್ ಸಿನ್ಹಾ, ಹುಟ್ಟು ಪೊರೆಯಿಂದ ಕುರುಡಾಗಿ ಶಸ್ತ್ರಚಿಕಿತ್ಸೆಯೇ ಸಿಗದೆ ಬೆಳೆದ ಮಕ್ಕಳಿಗಾಗಿ ಪ್ರಾಜೆಕ್ಟ್ ಪ್ರಕಾಶ್ ಶುರು ಮಾಡಿದರು. ದೆಹಲಿಯ ಶ್ರಾಫ್ ಚಾರಿಟಿ ಕಣ್ಣಾಸ್ಪತ್ರೆಯಲ್ಲಿ ಚಿಕಿತ್ಸೆ, ಜೊತೆಗೆ ಸಂಶೋಧನೆ. 1688ರಲ್ಲಿ ವಿಲಿಯಂ ಮಾಲಿನ್ಯೂ ಅನ್ನೋವರು ತತ್ವಜ್ಞಾನಿ ಜಾನ್ ಲಾಕ್‌ಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದರು. ಹುಟ್ಟು ಕುರುಡನೊಬ್ಬ ಮುಟ್ಟಿ ಮುಟ್ಟಿ ಗೋಳ ಯಾವುದು, ಘನ ಯಾವುದು ಅಂತ ತಿಳಿದಿದ್ದಾನೆ. ದಿಢೀರನೆ ಕಣ್ಣು ಬಂದ್ರೆ, ಮುಟ್ಟದೆ ನೋಡಿಯೇ ಹೇಳಬಲ್ಲನೆ? 2011ರಲ್ಲಿ ಹೆಲ್ಡ್, ಸಿನ್ಹಾ ಮತ್ತು ಸಂಗಡಿಗರು ಉತ್ತರ ಪ್ರಕಟಿಸಿದರು. 8ರಿಂದ 17 ವರ್ಷದ ಐವರು ಮಕ್ಕಳು. ಶಸ್ತ್ರಚಿಕಿತ್ಸೆ ಆದ ಕೂಡಲೇ ಕೇಳಿದಾಗ, ಮುಟ್ಟಿದ ಆಕೃತಿಯನ್ನ ಕಣ್ಣಿನಿಂದ ಗುರುತಿಸೋದು ನಾಣ್ಯ ಚಿಮ್ಮಿದಷ್ಟೇ ಆಗಿತ್ತು. ಕೆಲವೇ ದಿನಗಳಲ್ಲಿ ಅದು ಚೆನ್ನಾಗಿ ಸುಧಾರಿಸಿತು, ಅದೂ ಯಾರೂ ತರಬೇತಿ ಕೊಡದೆ.

ಅದೇ ಯೋಜನೆಯ ಇನ್ನೊಂದು ಅಧ್ಯಯನದಲ್ಲಿ, ಹೊಸದಾಗಿ ಕಣ್ಣು ಬಂದವರಿಗೆ ಒಂದರ ಮೇಲೊಂದು ಹಾದ ಎರಡು ಆಕೃತಿ ತೋರಿಸಿದ್ರೆ, ಗೆರೆ ಕೂಡೋ ಕಡೆಯೆಲ್ಲ ತುಂಡು ಮಾಡಿ ಎರಡಕ್ಕಿಂತ ಹೆಚ್ಚು ವಸ್ತು ಎಣಿಸ್ತಿದ್ದರು. ನಮ್ಮ ಮಿನಿ ಪ್ರಾಜೆಕ್ಟಿನ ಸೆಗ್ಮೆಂಟೇಶನ್ ಕೋಡ್ ಮಾಡೋ ತಪ್ಪೇ ಇದು. ಆದರೆ ಒಂದು ಆಕೃತಿಯನ್ನ ಸ್ವಲ್ಪ ಅಲುಗಾಡಿಸಿದ್ರೆ ಸಾಕು, ಒಟ್ಟಿಗೆ ಚಲಿಸೋ ಗೆರೆಗಳೆಲ್ಲ ಒಂದೇ ವಸ್ತುವಿನವು ಅಂತ ಅವರಿಗೆ ತಟ್ಟನೆ ಹೊಳೀತಿತ್ತು.

ಬುಟ್ಟಿಯ ಮರಿಯ ಕಥೆ ಕೇಳಿದವರಿಗೆ, ಟ್ಯಾಬ್ಲೆಟ್ ಮುಂದೆ ಕೂತು ಬೆರಳು ಜಾರಿಸೋ ಮೂರು ವರ್ಷದ ಮಗು ನೆನಪಾಗೋದು ಸಹಜ. ಬೆಕ್ಕಿನಿಂದ ಮಗುವಿಗೆ ನೇರ ಜಿಗಿಯೋದು ಅವಸರ ಆಗುತ್ತೆ, ಆ ಮಗು ಉಳಿದ ಹೊತ್ತಿನಲ್ಲಿ ಓಡಾಡುತ್ತಲ್ಲ. ಉಳಿದ ಹೊತ್ತು ಎಷ್ಟು ಉಳಿದಿದೆ ಅನ್ನೋದಷ್ಟೇ ಪ್ರಶ್ನೆ.

ಕ್ಯಾಂಪಿಗೆ ಹೋಗುವವರಿಗೆ

ಹ್ಯೂಬೆಲ್ ಮತ್ತು ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಯ ಒಂದು ಕಣ್ಣನ್ನ ಕೆಲವು ತಿಂಗಳು ಮುಚ್ಚಿಟ್ಟು, ಆಮೇಲೆ ತೆರೆದ್ರೂ ಮಿದುಳು ಆ ಕಣ್ಣಿನ ಮಾತು ಕೇಳೋದನ್ನ ಬಹುಪಾಲು ನಿಲ್ಲಿಸಿಬಿಟ್ಟಿರುತ್ತೆ ಅಂತ ತೋರಿಸಿದರು. 1981ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಮಕ್ಕಳಲ್ಲಿ ಇದರ ಸೌಮ್ಯ ರೂಪವೇ ಆಂಬ್ಲಿಯೋಪಿಯಾ, ಮಂದಗಣ್ಣು ಅಂತಾರಲ್ಲ ಅದು. ಒಂದು ಕಣ್ಣಿನ ಪವರ್ ಹೆಚ್ಚಿದ್ರೆ, ಅಥವಾ ಮಾಲುಗಣ್ಣಿದ್ರೆ, ಮಿದುಳು ಒಳ್ಳೇ ಕಣ್ಣನ್ನ ಮಾತ್ರ ನಂಬಿಕೊಂಡು ಬಿಡುತ್ತೆ. ಬೇಗ ಗೊತ್ತಾದ್ರೆ ಕನ್ನಡಕ ಕೊಟ್ಟು, ಒಳ್ಳೇ ಕಣ್ಣಿಗೆ ದಿನಕ್ಕಿಷ್ಟು ಗಂಟೆ ಪಟ್ಟಿ ಕಟ್ಟಿ ಸರಿ ಮಾಡಬಹುದು. ಏಳೆಂಟು ವರ್ಷ ದಾಟಿದಷ್ಟೂ ಕಷ್ಟ ಹೆಚ್ಚುತ್ತೆ. ತೊಂದರೆ ಏನಂದ್ರೆ ಮಗು ದೂರು ಹೇಳೋದೇ ಇಲ್ಲ. ಹುಟ್ಟಿದಾಗಿನಿಂದ ಹೀಗೇ ಕಂಡಿರೋದು, ಎಲ್ಲರಿಗೂ ಹೀಗೇ ಕಾಣುತ್ತೆ ಅಂದುಕೊಂಡಿರುತ್ತೆ.

ಆದ್ದರಿಂದ ಮುಂದಿನ ಸಲ ಶಾಲೆಗೆ ಹೋದಾಗ, ಕೆಟ್ಟ ಅಕ್ಷರದ ಮಗು ಸಿಕ್ಕರೆ ಅಕ್ಷರಕ್ಕೆ ಕೈ ಹಾಕೋ ಮೊದಲು ಮಗುವನ್ನ ಮುಂದಿನ ಬೆಂಚಿಗೆ ಕರೆದು ಬರೆಸಿ ನೋಡಿ. ಬೋರ್ಡಿನಿಂದ ಬರೆದಿದ್ದು ಕೆಟ್ಟು, ಪಕ್ಕದ ಪುಸ್ತಕದಿಂದ ಬರೆದಿದ್ದು ಚೆನ್ನಾಗಿದ್ರೆ ದೂರದ ಕಣ್ಣಿನ ಅನುಮಾನ. ಎರಡೂ ಕೆಟ್ಟಿದ್ರೆ "ಇದರಂತೆ ಇರೋದು ಯಾವುದು ತೋರಿಸು" ಅನ್ನೋ ಆಟ ಆಡಿಸಿ, ಆಮೇಲೆ ಎರಡು ಗೆರೆಗಳ ನಡುವೆ ದಾರಿ ಎಳೆಸಿ. ಇದು ರೋಗನಿರ್ಣಯ ಅಲ್ಲ, ಅದು ನಮ್ಮ ಕೆಲಸವೂ ಅಲ್ಲ. ಟೀಚರಿಗೆ ಹೇಳೋಕೆ "ಬರೆಯಲ್ಲ" ಅನ್ನೋದಕ್ಕಿಂತ ಉಪಯೋಗದ ಒಂದು ವಾಕ್ಯ ಸಿಗುತ್ತೆ ಅಷ್ಟೇ. ಕಲಿಕೆಯ ನಿರ್ದಿಷ್ಟ ತೊಂದರೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿದೆ, ಹಾಗಾಗಿ ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ನೆರವು ಕೇಳಬಹುದು ಅಂತ ಟೀಚರಿಗೂ ಪೋಷಕರಿಗೂ ತಿಳಿಸಿ. ಮತ್ತೆ ಒಂದು ಅಂಗೈಯಿಂದ ಎಡಗಣ್ಣು ಮುಚ್ಚಿಸಿ ಬೋರ್ಡ್ ಓದಿಸಿ, ಆಮೇಲೆ ಬಲಗಣ್ಣು ಮುಚ್ಚಿಸಿ ಓದಿಸಿ. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಕೈ ಸರಿಸಿ ಇಣುಕೋಕೆ ನೋಡಿದ್ರೆ, ಅವತ್ತೇ ಅದರ ಮನೆಯವರ ಹತ್ತಿರ ಮಾತಾಡಿ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಕೆ ಹೇಳಿ.